ಹಳೆಯ ಎಂಜಿನ್ನಿನ ವಯಸ್ಸು: ಆರ್‌ಸಿ ಹೇಳುವುದೊಂದು, ಕಬ್ಬಿಣ ಹೇಳುವುದೊಂದು

ಹಳೆಯ ಕಾರು ಕೊಳ್ಳುವವರು ಬಾನೆಟ್ ಎತ್ತಿದ ಕೂಡಲೇ ಕೇಳುವ ಪ್ರಶ್ನೆ ಎರಡು: ಈ ಎಂಜಿನ್ ಯಾವುದು, ಯಾವ ಕಾಲದ್ದು? ಉತ್ತರ ತಪ್ಪಿದರೆ ನಷ್ಟ ದೊಡ್ಡದು. ಹೊಂದದ ಪಿಸ್ಟನ್, ಗ್ಯಾಸ್ಕೆಟ್‌ಗಳಿಗೆ ದುಡ್ಡು ಸುರಿಯಬೇಕಾಗುತ್ತದೆ. ಅಸಲಿ ಎಂಜಿನ್ನೇ ಬೇರೆಯದು ಎನಿಸಿಕೊಂಡು ಗುಜರಿ ಸೇರಿಬಿಡಬಹುದು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಾಗದ ವಾಹನಕ್ಕೆ ಮಾತ್ರ ವಿಂಟೇಜ್ ಮಾನ್ಯತೆ ಸಿಗುತ್ತದೆ. ಹಾಗಾಗಿ ಬಾಯಿಂದ ಬಾಯಿಗೆ ಬಂದ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಲೇಬೇಕು.

ತಪ್ಪು ಕಲ್ಪನೆ 1: ಆರ್‌ಸಿಯಲ್ಲಿರುವ ವರ್ಷವೇ ಎಂಜಿನ್ನಿನ ವರ್ಷ.

ಸತ್ಯ: ಆರ್‌ಸಿ ಹೇಳುವುದು ವಾಹನದ ವಯಸ್ಸನ್ನು. ಎಂಜಿನ್ ಬದಲಾಗಿರಬಹುದು. ಫೋರ್ಡ್ ಮಾಡೆಲ್ ಟಿ ಕಾರಿನ ತಯಾರಿಕೆ 1927ರಲ್ಲಿ ನಿಂತರೂ ಅದರ ಎಂಜಿನ್ನುಗಳ ತಯಾರಿಕೆ 1941ರವರೆಗೆ ಮುಂದುವರಿಯಿತು. 1915ರ ಕಾರಿನೊಳಗೆ 1930ರ ದಶಕದ ಎಂಜಿನ್ ಕೂತಿದ್ದರೆ ಆಶ್ಚರ್ಯವಿಲ್ಲ.

ತಪ್ಪು ಕಲ್ಪನೆ 2: ಬ್ಲಾಕಿನ ಮೇಲಿರುವ ದೊಡ್ಡ ನಂಬರೇ ಎಂಜಿನ್ ನಂಬರ್.

ಸತ್ಯ: ಉಬ್ಬಿಕೊಂಡಿರುವ ಅಂಕಿಗಳು ಎರಕ ಹೊಯ್ಯುವಾಗಲೇ ಮೂಡಿದವು, ಅವು ಬ್ಲಾಕಿನ ವಿನ್ಯಾಸವನ್ನು ಸೂಚಿಸುತ್ತವೆ. ಎಂಜಿನ್ ನಂಬರನ್ನು ಸಾಮಾನ್ಯವಾಗಿ ಆಮೇಲೆ ಪಂಚ್ ಹೊಡೆದಿರುತ್ತಾರೆ, ಆ ಅಂಕಿಗಳು ಒಳಕ್ಕೆ ಇಳಿದಿರುತ್ತವೆ. ಷೆವ್ರೊಲೆಯ 3970010 ಎಂಬ ಎರಕದ ಸಂಖ್ಯೆಯನ್ನೇ ನೋಡಿ: 302 ಘನ ಇಂಚಿನ ಎಂಜಿನ್ನಿಗೂ 350 ಘನ ಇಂಚಿನ ಎಂಜಿನ್ನಿಗೂ ಅದೇ ಬ್ಲಾಕ್. ಯಾವುದೆಂದು ತಿಳಿಸುವುದು ಹೆಡ್ಡಿನ ಮುಂದಿನ ಸಮತಟ್ಟು ಜಾಗದಲ್ಲಿ ಪಂಚ್ ಹೊಡೆದ ಅಕ್ಷರಗಳು. ಎರಕದ ದಿನಾಂಕವೂ ದಾರಿ ತಪ್ಪಿಸಬಲ್ಲದು. ಷೆವ್ರೊಲೆ ಬ್ಲಾಕುಗಳಲ್ಲಿ ತಿಂಗಳಿಗೊಂದು ಅಕ್ಷರ, ದಿನ, ವರ್ಷದ ಕೊನೆಯ ಅಂಕಿ ಇರುತ್ತವೆ. 'ಸಿ 14 5' ಎಂದರೆ ಮಾರ್ಚ್ 14. ವರ್ಷ 1965 ಇರಬಹುದು, 1975ಕ್ಕೂ ಅದೇ ಗುರುತು.

ತಪ್ಪು ಕಲ್ಪನೆ 3: ಸಿಸಿ ಒಂದೇ ಇದ್ದರೆ ಎಂಜಿನ್ನೂ ಒಂದೇ.

ಸತ್ಯ: ನಮ್ಮ ರಸ್ತೆಗಳ ಜೀಪೇ ಇದಕ್ಕೆ ಉತ್ತರ. ವಿಲ್ಲಿಸ್ ಕಂಪನಿಯ ಎರಡು ಎಂಜಿನ್ನುಗಳಿಗೂ ಬೋರ್ 79.4 ಮಿ.ಮೀ., ಸ್ಟ್ರೋಕ್ 111.1 ಮಿ.ಮೀ., ಸಾಮರ್ಥ್ಯ 2199 ಸಿಸಿ. ಯುದ್ಧಕಾಲದ ಜೀಪಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇವೆ. ಹೆಡ್ ಚಪ್ಪಟೆ, ಸ್ಪಾರ್ಕ್ ಪ್ಲಗ್ಗುಗಳು ಅದರ ಮೇಲೆಯೇ. ನಂತರದ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವು ಹೆಡ್ಡಿಗೆ ಹತ್ತಿತು, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ ಉಳಿಯಿತು. ಎಂಜಿನ್ ಎತ್ತರವಾದ್ದರಿಂದ ಸಿಜೆ-3ಬಿ ಜೀಪಿನ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಂಬಾಸಡರ್ ಕಥೆ ಇನ್ನೂ ಸ್ಪಷ್ಟ: ಅದರ ಬಿಎಂಸಿ ಪೆಟ್ರೋಲ್ ಎಂಜಿನ್ 1489 ಸಿಸಿ, ಡೀಸೆಲ್ ಎಂಜಿನ್ನೂ 1489 ಸಿಸಿ.

ತಪ್ಪು ಕಲ್ಪನೆ 4: ಚಪ್ಪಟೆ ಹೆಡ್ಡಿನದು ಹಳೆಯದು, ಹೆಡ್ಡಿನಲ್ಲಿ ವಾಲ್ವು ಇದ್ದರೆ ಹೊಸದು.

ಸತ್ಯ: ಬ್ಯೂಕ್ 1904ರಲ್ಲೇ ಹೆಡ್ಡಿನಲ್ಲಿ ವಾಲ್ವು ಇಟ್ಟಿತ್ತು. ಫೋರ್ಡ್ 1932ರಲ್ಲಿ ತಂದ ಚಪ್ಪಟೆ ಹೆಡ್ಡಿನ ವಿ8 ಅಮೆರಿಕದ ಕಾರುಗಳಲ್ಲಿ 1953ರವರೆಗೂ ಇತ್ತು. ವಾಲ್ವುಗಳ ಜಾಗ ಎಂಜಿನ್ನಿನ ಬಗೆಯನ್ನು ತಿಳಿಸುತ್ತದೆ, ವರ್ಷವನ್ನಲ್ಲ.

ತಪ್ಪು ಕಲ್ಪನೆ 5: ಬೋರ್ ಅಳತೆ ಪುಸ್ತಕಕ್ಕೆ ಹೊಂದದಿದ್ದರೆ ಎಂಜಿನ್ ಬದಲಾಗಿದೆ.

ಸತ್ಯ: ಸವೆದ ಸಿಲಿಂಡರಿಗೆ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಪಿಸ್ಟನ್ ತಲೆಯ ಮೇಲೆ 020, 030, 040 ಎಂದಿದ್ದರೆ ಅದು ಇಂಚಿನ ಸಾವಿರದ ಭಾಗಗಳ ಲೆಕ್ಕ. 040 ಪಿಸ್ಟನ್ ಕಂಡ ಜೀಪಿನ ಎಂಜಿನ್ ಸುಮಾರು 2255 ಸಿಸಿ ತೋರಿಸುತ್ತದೆ, ಆದರೂ ಅಸಲಿಯೇ. ಬೋರಿಂಗ್‌ನಿಂದ ಸ್ಟ್ರೋಕ್ ಬದಲಾಗುವುದಿಲ್ಲ. ಹಾಗಾಗಿ ಅದನ್ನೂ ಅಳೆಯಿರಿ.

ಒಂದೇ ಗುರುತನ್ನು ನಂಬಿ ತೀರ್ಪು ಕೊಡಬೇಡಿ. ಸೀಮೆಎಣ್ಣೆ, ಬ್ರಷ್ ಹಿಡಿದು ಜಿಡ್ಡು ತೆಗೆಯಿರಿ. ಎರಕದ ಅಂಕಿ, ಪಂಚ್ ಹೊಡೆದ ನಂಬರ್, ವಾಲ್ವುಗಳ ಜಾಗ, ಬೋರ್ ಮತ್ತು ಸ್ಟ್ರೋಕ್ ಎಲ್ಲವನ್ನೂ ಬರೆದುಕೊಂಡು ತಯಾರಕರ ಕೈಪಿಡಿಯೊಂದಿಗೆ ತಾಳೆ ನೋಡಿ. ಬಣ್ಣ ಹೊಡೆಸುವ ಮುನ್ನ ಪ್ರತಿ ಗುರುತಿನ ಫೋಟೊ ತೆಗೆದಿಡಿ. ನಂಬರ್ ಇರುವ ಜಾಗಕ್ಕೆ ಮಾತ್ರ ಗ್ರೈಂಡರ್ ತಾಕಿಸಬೇಡಿ. ಅಲ್ಲಿ ಅಳಿದದ್ದನ್ನು ಮತ್ತೆ ಪಂಚ್ ಹೊಡೆದು ತುಂಬಿದರೂ ಅದು ಸಾಕ್ಷಿಯಾಗುವುದಿಲ್ಲ.