ಕಾಲಿನ ಕೆಲಸ ಮಾಡುವ ಯಂತ್ರ ಮುಷ್ಕರ ಹೂಡಿದಾಗ

ಅಮೆರಿಕದ ಹೆದ್ದಾರಿಗಳನ್ನು ನಕ್ಷೆಯಲ್ಲಿ ಮಾತ್ರ ಕಂಡವರಿಗೆ ಅವುಗಳ ದಣಿವು ತಿಳಿಯಲಾರದು. ಒಂದು ಊರಿನಿಂದ ಮತ್ತೊಂದು ಊರಿಗೆ ನೂರಾರು ಮೈಲಿ. ಕಣ್ಣು ಹಾಯುವವರೆಗೂ ನೇರವಾದ ರಸ್ತೆ. ಗಂಟೆಗಟ್ಟಲೆ ಬಲಗಾಲನ್ನು ಆಕ್ಸಿಲರೇಟರಿನ ಮೇಲೆ ಒಂದೇ ಹದದಲ್ಲಿ ಒತ್ತಿ ಹಿಡಿದಿರುವುದು ಒಂಟಿ ಕಾಲಿನ ತಪಸ್ಸಿಗೆ ಸಮಾನವೇ ಸರಿ. ಈ ತಪಸ್ಸಿನಿಂದ ಕಾಲಿಗೆ ಬಿಡುಗಡೆ ಕೊಡಲು ಹುಟ್ಟಿದ ಸಾಧನವೇ ‘ಕ್ರೂಸ್ ಕಂಟ್ರೋಲ್’. ಬೇಕಾದ ವೇಗವನ್ನು ಮುಟ್ಟಿ ಒಂದು ಗುಂಡಿಯನ್ನು ಒತ್ತಿದರಾಯಿತು. ಮುಂದೆ ಆ ವೇಗವನ್ನು ಯಂತ್ರವೇ ಕಾಯ್ದುಕೊಂಡು ಹೋಗುತ್ತದೆ. ಚಾಲಕನು ಬ್ರೇಕನ್ನು ಮುಟ್ಟಿದೊಡನೆ ಅಧಿಕಾರವನ್ನು ಮರಳಿ ಅವನಿಗೇ ಒಪ್ಪಿಸುತ್ತದೆ.

ನಮ್ಮ ಎಷ್ಟೋ ಮನೆಗಳ ಮಕ್ಕಳು ವ್ಯಾಸಂಗಕ್ಕಾಗಿ ಆ ದೇಶಕ್ಕೆ ಹೋಗಿದ್ದಾರೆ. ಹೊಸತರಲ್ಲಿ ಅವರು ಕೊಳ್ಳುವುದು ಬಹುಮಟ್ಟಿಗೆ ಹಳೆಯ ಕಾರನ್ನೇ. “ಎಲ್ಲವೂ ಚೆನ್ನಾಗಿದೆ, ಕ್ರೂಸ್ ಒಂದು ಹಿಡಿಯುವುದಿಲ್ಲ” ಎಂದು ಮಾರುವವನು ಹೇಳಿದರೆ, ಕೊಳ್ಳುವವನು “ಹಿಡಿಯದಿದ್ದರೆ ನಷ್ಟವೇನು, ನನಗೆ ಕಾಲಿಲ್ಲವೆ?” ಎಂದುಕೊಳ್ಳುತ್ತಾನೆ. ಆದರೆ ಆ ಒಂದು ಮಾತನ್ನು ವಿಚಾರಿಸದೆ ಬಿಡುವುದು ಜಾಣತನವಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಈ ಯಂತ್ರದ ಹುಟ್ಟನ್ನೂ ಸ್ವಭಾವವನ್ನೂ ಅಷ್ಟಿಷ್ಟು ಅರಿಯಬೇಕು.

ಕಾರಿನ ವೇಗಕ್ಕೆ ಕಡಿವಾಣ ಹಾಕುವ ಈ ಸಾಧನವನ್ನು ನಿರ್ಮಿಸಿದಾತನು ಒಂದು ದಿನವೂ ಕಾರು ಓಡಿಸಲಾಗದ ಅಂಧನೆಂದರೆ ಆಶ್ಚರ್ಯವಾಗದೆ ಇರದು. ಅವನ ಹೆಸರು ರಾಲ್ಫ್ ಟೀಟರ್. 1890ರಲ್ಲಿ ಇಂಡಿಯಾನ ಸಂಸ್ಥಾನದಲ್ಲಿ ಹುಟ್ಟಿದ ಆತ ಐದನೆಯ ವಯಸ್ಸಿನಲ್ಲಿ ಅಪಘಾತದಿಂದ ದೃಷ್ಟಿಯನ್ನು ಕಳೆದುಕೊಂಡ. ಆದರೂ ಎದೆಗುಂದದೆ 1912ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ ಇಂಜಿನಿಯರಿಂಗ್ ಪದವಿಯನ್ನು ಪಡೆದ. ಅವನ ವಕೀಲನೊಬ್ಬನಿಗೆ ಮಾತನಾಡುವಾಗ ಕಾರನ್ನು ನಿಧಾನಗೊಳಿಸುವ, ಮಾತು ನಿಂತೊಡನೆ ವೇಗ ಹೆಚ್ಚಿಸುವ ಅಭ್ಯಾಸವಿತ್ತಂತೆ. ಪಕ್ಕದಲ್ಲಿ ಕುಳಿತು ಮುಂದಕ್ಕೂ ಹಿಂದಕ್ಕೂ ತೂಗಾಡಿ ಬೇಸತ್ತ ಟೀಟರನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1950ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. 1958ರ ಮಾದರಿಯ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಈ ಸಾಧನ ಮಾರುಕಟ್ಟೆಗೆ ಬಂದಿತು.

ಹಳೆಯ ಕಾರುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಏರ್ಪಾಡು ಸರಳವಾದದ್ದು. ಓಡುವ ಇಂಜಿನ್ ಗಾಳಿಯನ್ನು ಹೀರಿಕೊಳ್ಳುತ್ತದೆಯಷ್ಟೆ. ಆ ಹೀರುವ ಶಕ್ತಿಯನ್ನು ಒಂದು ರಬ್ಬರ್ ಕೊಳವೆಯ ಮೂಲಕ ಪುಟ್ಟ ಡಬ್ಬಿಯೊಂದಕ್ಕೆ ತಂದಿರುತ್ತಾರೆ. ಡಬ್ಬಿಯೊಳಗೆ ತಮಟೆಯ ಚರ್ಮದಂತೆ ಬಿಗಿದ ರಬ್ಬರ್ ಪೊರೆ. ಪೊರೆಗೆ ಒಂದು ತಂತಿ. ತಂತಿಯ ಮತ್ತೊಂದು ತುದಿ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್‌ಗೆ. ಪೊರೆಯನ್ನು ಎಷ್ಟು ಸೆಳೆಯಬೇಕು, ಎಷ್ಟು ಸಡಿಲಿಸಬೇಕು ಎಂಬುದನ್ನು ವೇಗದ ಸುದ್ದಿ ತಿಳಿದ ನಿಯಂತ್ರಕ ನಿರ್ಣಯಿಸುತ್ತದೆ. ಬ್ರೇಕ್ ಪೆಡಲಿನ ಬಳಿ ಇರುವ ಸ್ವಿಚ್ಚು ಈ ಆಟವನ್ನು ನಿಲ್ಲಿಸುತ್ತದೆ. ಅನೇಕ ಕಾರುಗಳಲ್ಲಿ ಅದರ ಜೊತೆಗೆ, ಪೆಡಲನ್ನು ಒತ್ತಿದೊಡನೆ ಹೊರಗಿನ ಗಾಳಿಯನ್ನು ಡಬ್ಬಿಯೊಳಗೆ ಬಿಟ್ಟು ಪೊರೆಯ ಸೆಳೆತವನ್ನೇ ಮುರಿಯುವ ಒಂದು ವಾಲ್ವ್ ಕೂಡ ಇರುತ್ತದೆ.

ಇಂಥ ಯಂತ್ರವು ಕೆಲಸ ನಿಲ್ಲಿಸಿದರೆ ದೋಷವನ್ನು ಎಲ್ಲಿಂದ ಹುಡುಕಬೇಕು? ಸುಲಭವಾದುದರಿಂದ ಕಠಿಣವಾದುದಕ್ಕೆ ಹೋಗುವುದೇ ಮಾರ್ಗ. ಮೊದಲು ಫ್ಯೂಸನ್ನು ನೋಡಬೇಕು. ಗಂಟೆಗೆ ಸುಮಾರು 25 ಮೈಲಿಗಿಂತ ಕಡಿಮೆ ವೇಗದಲ್ಲಿ ಹಲವು ಕಾರುಗಳ ಕ್ರೂಸ್ ಹಿಡಿಯುವುದೇ ಇಲ್ಲ ಎಂಬುದೂ ನೆನಪಿನಲ್ಲಿರಲಿ.

ಎರಡನೆಯದಾಗಿ, ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕನ್ನು ಒತ್ತಬೇಕು. ಕೆಂಪು ದೀಪಗಳು ಹತ್ತಬೇಕು. ಕಾಲು ತೆಗೆದರೆ ಆರಬೇಕು. ಕಾಲು ತೆಗೆದರೂ ಆರದಿದ್ದರೆ, ಚಾಲಕನು ಬ್ರೇಕ್ ಒತ್ತಿಯೇ ಇದ್ದಾನೆಂದು ಯಂತ್ರ ಭಾವಿಸಿದೆ ಎಂದರ್ಥ. ಪೆಡಲ್ ತಾಗಿ ನಿಲ್ಲುವಲ್ಲಿ ಇರುವ ಗುಂಡಿಯಷ್ಟು ಚಿಕ್ಕ ರಬ್ಬರ್ ಬಿರಡೆ ವಯಸ್ಸಾಗಿ ಪುಡಿಯಾಗಿ ಉದುರುವುದುಂಟು. ಅದರ ಚೂರುಗಳು ಕಾಲ ಬಳಿಯ ಚಾಪೆಯ ಮೇಲೆ ಸಿಕ್ಕಿದರೆ ರೋಗ ಪತ್ತೆಯಾದಂತೆಯೇ. ದೀಪಗಳು ಹತ್ತದೆಯೇ ಇದ್ದರೆ ಬಲ್ಬು ಸುಟ್ಟಿರಬಹುದು ಅಥವಾ ಸ್ವಿಚ್ಚು ಕೆಟ್ಟಿರಬಹುದು. ಹಲವು ಹಳೆಯ ಕಾರುಗಳಲ್ಲಿ ನಿಯಂತ್ರಕವು ಆ ಬಲ್ಬುಗಳ ಎಳೆಯ ಮೂಲಕವೇ ತನ್ನ ತಂತಿ ಸರಿಯಾಗಿದೆಯೆಂದು ಖಾತರಿ ಮಾಡಿಕೊಳ್ಳುತ್ತದೆ. ಬಲ್ಬುಗಳೆಲ್ಲ ಸುಟ್ಟರೆ, ಅಥವಾ ಅವುಗಳ ಜಾಗದಲ್ಲಿ ಎಲ್‌ಇಡಿ ಹಾಕಿದರೆ, ಕ್ರೂಸ್ ಹಿಡಿಯಲು ಒಪ್ಪುವುದಿಲ್ಲ. ಕ್ಲಚ್ಚಿರುವ ಕಾರಿನಲ್ಲಿ ಆ ಪೆಡಲಿನ ಸ್ವಿಚ್ಚನ್ನೂ ಪರೀಕ್ಷಿಸಬೇಕು.

ಮೂರನೆಯದು ಸ್ಪೀಡಾಮೀಟರ್. ಅದರ ಮುಳ್ಳು ನಡುಗುತ್ತಿದ್ದರೆ ಅಥವಾ ಸತ್ತಿದ್ದರೆ ನಿಯಂತ್ರಕಕ್ಕೂ ವೇಗದ ಸುದ್ದಿ ಸರಿಯಾಗಿ ಮುಟ್ಟುತ್ತಿಲ್ಲವೆಂದು ಶಂಕಿಸಬೇಕು. ನಾಲ್ಕನೆಯದು ರಬ್ಬರ್ ಕೊಳವೆಗಳು. ಏರಿನಲ್ಲಿ ವೇಗ ಕುಸಿಯುತ್ತಿದ್ದರೆ, ಇಂಜಿನ್ ಬಳಿ ‘ಹಿಸ್’ ಎಂಬ ಸದ್ದು ಕೇಳಿದರೆ, ಕೊಳವೆ ಬಿರುಕು ಬಿಟ್ಟಿರಬಹುದು ಇಲ್ಲವೆ ಪೊರೆ ಹರಿದಿರಬಹುದು. ಐದನೆಯದು ಆ ತಂತಿ: ಅದು ತೀರ ಸಡಿಲವಾದರೆ ಕಾರು ಜಗ್ಗಿ ಜಗ್ಗಿ ಓಡುತ್ತದೆ, ತೀರ ಬಿಗಿಯಾದರೆ ನಿಂತಲ್ಲೇ ಇಂಜಿನ್ ಅಬ್ಬರಿಸುತ್ತದೆ. ಇಂಜಿನ್ ನಿಲ್ಲಿಸಿದ ಹೊರತು ಇದಕ್ಕೆ ಕೈ ಹಾಕಕೂಡದು. ಕೊನೆಯದು ಸ್ಟಿಯರಿಂಗ್ ಚಕ್ರದ ಗುಂಡಿಗಳು. ಕ್ರೂಸಿನೊಂದಿಗೆ ಹಾರನ್ನೂ ಮೂಕವಾಗಿದ್ದರೆ ಚಕ್ರದೊಳಗಿನ ಸುರುಳಿ ತಂತಿ ತುಂಡಾಗಿರುವ ಸಂಭವ ಹೆಚ್ಚು. ಏರ್‌ಬ್ಯಾಗ್ ಇರುವ ಸ್ಥಳ ಅದು. ಅಲ್ಲಿ ಪಳಗಿದ ಮೆಕ್ಯಾನಿಕ್ ಹೊರತು ಬೇರೆಯವರು ಕೈಯಾಡಿಸಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಯಂತ್ರದ ರೋಗಗಳಲ್ಲಿ ಎರಡು ಬಗೆ: ಹಿಡಿಯದಿರುವುದು ಒಂದು, ಬಿಡದಿರುವುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಯಂತ್ರದ ವಿವೇಕ. ‘ಬ್ರೇಕಿನ ಸುದ್ದಿ ನನಗೆ ಸರಿಯಾಗಿ ಬರುತ್ತಿಲ್ಲ, ಆದುದರಿಂದ ಹೊಣೆ ಹೊರಲಾರೆ’ ಎಂದು ಅದು ಹೇಳುತ್ತಿರಬಹುದು. ಎರಡನೆಯದು ಪ್ರಾಣಕ್ಕೆ ಸಂಚಕಾರ. ಅಶ್ವತ್ಥಾಮನಿಗೆ ಅಸ್ತ್ರದ ಪ್ರಯೋಗ ತಿಳಿದಿತ್ತು, ಉಪಸಂಹಾರ ತಿಳಿದಿರಲಿಲ್ಲ. ಅನರ್ಥವೆಲ್ಲ ಅಲ್ಲಿಂದಲೇ ಹುಟ್ಟಿತು. ಕ್ರೂಸ್ ಹಿಡಿಯಲೆಂದು ಬ್ರೇಕ್ ಸ್ವಿಚ್ಚಿನ ತಂತಿಗಳನ್ನು ಅಡ್ಡದಾರಿಯಲ್ಲಿ ಜೋಡಿಸುವ ಕೈಚಳಕದವರು ಉಪಸಂಹಾರದ ವಿದ್ಯೆಯನ್ನೇ ಅಳಿಸಿಹಾಕುತ್ತಾರೆ. ಅಂಥ ದುರಸ್ತಿಗಿಂತ ಕೆಟ್ಟ ಕ್ರೂಸೇ ಮೇಲು.

ಬಿಡಿಸುವ ಸ್ವಿಚ್ಚೇ ಕೆಟ್ಟರೆ ಏನಾದೀತೆಂಬುದಕ್ಕೆ ಫೋರ್ಡ್ ಕಂಪನಿಯ ಉದಾಹರಣೆ ಪ್ರಸಿದ್ಧವಾಗಿದೆ. ಜೋರಾಗಿ ಬ್ರೇಕ್ ಹಾಕಿದಾಗ ಕ್ರೂಸನ್ನು ಕಡಿದುಹಾಕಲೆಂದು ಆ ಕಾರುಗಳಲ್ಲಿ ಎರಡನೆಯ ಸ್ವಿಚ್ಚೊಂದನ್ನು ಇಟ್ಟಿದ್ದರು. ಅದರೊಳಗಿನ ತೆಳುಪೊರೆ ಸವೆದು ಬ್ರೇಕಿನ ದ್ರವ ವಿದ್ಯುತ್ ಭಾಗಕ್ಕೆ ಸೋರಿತು. ಆ ಸ್ವಿಚ್ಚಿಗೆ ಸದಾ ವಿದ್ಯುತ್ ಹರಿಯುತ್ತಿದ್ದುದರಿಂದ, ಇಂಜಿನ್ ನಿಲ್ಲಿಸಿ ಮನೆಯ ಬಳಿ ನಿಲ್ಲಿಸಿದ್ದ ಕಾರುಗಳಿಗೂ ಬೆಂಕಿ ಹತ್ತಿತು. 1999ರಿಂದ 2009ರವರೆಗೆ ಹಲವು ಕಂತುಗಳಲ್ಲಿ ಸುಮಾರು 1 ಕೋಟಿ 40 ಲಕ್ಷ ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಆ ಕಾಲದ ಫೋರ್ಡ್ ವಾಹನವನ್ನು ಕೊಳ್ಳುವವರು ಅದರ ಗುರುತಿನ ಸಂಖ್ಯೆಯನ್ನು ಡೀಲರಿಗೆ ಕೊಟ್ಟು, ದುರಸ್ತಿ ಆಗಿದೆಯೆ ಎಂದು ವಿಚಾರಿಸುವುದು ಒಳಿತು.

ಓಡುತ್ತಿರುವಾಗ ಕ್ರೂಸ್ ಬಿಡದೆ ಹೋದರೆ ಗಾಬರಿಪಡಬಾರದು. ಬ್ರೇಕನ್ನು ಒಮ್ಮೆ ಭದ್ರವಾಗಿ ಒತ್ತಿ ಹಿಡಿಯಬೇಕು. ಮತ್ತೆ ಮತ್ತೆ ತುಳಿಯಬಾರದು. ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಇಂಜಿನ್ ಅಬ್ಬರಿಸಿದರೂ ಚಿಂತೆಯಿಲ್ಲ, ಚಕ್ರಗಳಿಗೆ ಶಕ್ತಿ ಹೋಗುವುದಿಲ್ಲ. ರಸ್ತೆಯ ಅಂಚಿಗೆ ಬಂದು ನಿಂತ ಮೇಲೆ ಇಂಜಿನ್ ಆರಿಸಬೇಕು. ಓಡುವಾಗಲೇ ಬೀಗದ ಕೈಯನ್ನು ಕಿತ್ತರೆ ಸ್ಟಿಯರಿಂಗ್ ಬಿಗಿದುಕೊಂಡೀತು. ಮಳೆಯಲ್ಲಿ, ಹಿಮ ಬಿದ್ದ ರಸ್ತೆಯಲ್ಲಿ, ಸರಿಯಾಗಿರುವ ಕ್ರೂಸನ್ನೂ ಬಳಸದಿರುವುದೇ ಕ್ಷೇಮ.

ದೂರದೇಶದಲ್ಲಿರುವ ಮಗನೋ ಮಗಳೋ “ಹಳೆಯ ಕಾರು ಕೊಂಡೆ, ಕ್ರೂಸ್ ಒಂದು ಹಿಡಿಯುವುದಿಲ್ಲ” ಎಂದು ದೂರವಾಣಿಯಲ್ಲಿ ಹೇಳಿದರೆ, ತಾಯಿತಂದೆಗಳು ಇಂಜಿನಿಯರುಗಳಾಗಬೇಕಾದುದಿಲ್ಲ. “ಹಿಂದಿನ ಕೆಂಪು ದೀಪ ಹತ್ತಿ ಆರುತ್ತದೆಯೆ, ಮೊದಲು ನೋಡು” ಎಂದು ಒಂದು ಮಾತು ಕೇಳಿದರೆ ಸಾಕು.