ಕೋಣೆಯೊಳಗಿನ ಮರಕ್ಕೆ ಹಸಿವು ಬೆಳಕಿನದು

ತರಗತಿಯ ಮೂಲೆಯಲ್ಲಿ ಒಂದು ಕುಂಡ ಇಟ್ಟು ಮರದ ಸಸಿ ಬೆಳೆಸುವ ಆಸೆ ನಮ್ಮ ಅನೇಕ ಶಾಲೆಗಳಲ್ಲಿದೆ. ಈಗ ಆನ್‌ಲೈನ್‌ನಲ್ಲಿ ‘ಬೋನ್ಸಾಯ್ ಬೀಜ’ ಅಂತ ಪೊಟ್ಟಣಗಳೂ ಸಿಗುತ್ತವೆ. ಹನಿ ಲೋಕಸ್ಟ್ ಎಂಬ ಉತ್ತರ ಅಮೆರಿಕದ ಮರದ ಬೀಜವನ್ನೂ ಹೀಗೆ ಮಾರುತ್ತಾರೆ. ಇದು ನಮ್ಮ ಅವರೆ, ಹೊಂಗೆ, ಹುಣಸೆಗಳ ಕುಟುಂಬದ್ದೇ. ಸಸ್ಯಶಾಸ್ತ್ರದ ಹೆಸರು ಗ್ಲೆಡಿಟ್ಸಿಯಾ ಟ್ರಯಕಾಂತೋಸ್. ಮೂರು ಕವಲಿನ ಮುಳ್ಳಿನಿಂದ ಬಂದದ್ದು. ಕಾಯಿಯ ತಿರುಳು ಸಿಹಿ, ಅದಕ್ಕೇ ‘ಹನಿ’. ಲೋಕಸ್ಟ್ ಅಂದರೆ ಮಿಡತೆ ಅಂತ ನಿಘಂಟು ಹೇಳಿದರೂ ಇಲ್ಲಿ ಮಿಡತೆಗೆ ಕೆಲಸವಿಲ್ಲ.

ಈ ಮರ ಬಯಲಿನ ಬಿಸಿಲಿನಲ್ಲಿ ಬೆಳೆಯುವಂಥದ್ದು. ಚಳಿಗಾಲದಲ್ಲಿ ಎಲೆ ಉದುರಿಸಿ ಕೆಲವು ತಿಂಗಳು ವಿಶ್ರಾಂತಿ ಪಡೆಯುತ್ತದೆ. ಹೊಸೂರಿನ ಡಿಸೆಂಬರ್ ನಮಗೆ ಚಳಿಯೇ ಹೌದು, ಅದಕ್ಕೆ ಅದು ಚಳಿಯೇ ಅಲ್ಲ. ಆದ್ದರಿಂದ ಅವಲಪಲ್ಲಿಯಂಥ ಊರಿನಲ್ಲಿ ಈ ಪಾಠಕ್ಕೆ ಹುಣಸೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಕನ್ನಡದ ಮನೆಯಲ್ಲಿ ಹುಣಸೆ, ತೆಲುಗಿನ ಮನೆಯಲ್ಲಿ ಚಿಂತ, ತಮಿಳಿನ ಮನೆಯಲ್ಲಿ ಪುಳಿ. ಬೀಜ ಒಂದೇ, ಕಾಸೂ ಬೇಡ.

ಬೀಜದ ಸಿಪ್ಪೆ ಗಟ್ಟಿ. ಒಂದು ಬದಿಯನ್ನು ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ ಹಾಕಿದರೆ ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತದೆ. ಒಂದೇ ದಿನ ಎರಡು ಕುಂಡಗಳಲ್ಲಿ ಹಾಕಿಸಿ. ಒಂದು ತರಗತಿಯ ಒಳಗೆ ಇರಲಿ, ಇನ್ನೊಂದು ಬಿಸಿಲು ಬೀಳುವ ಜಗಲಿಯಲ್ಲಿ.

ಮೊದಮೊದಲು ಎರಡರಲ್ಲೂ ಹೆಚ್ಚು ವ್ಯತ್ಯಾಸ ಕಾಣದು, ಏಕೆಂದರೆ ಸಸಿ ಆಗ ಬೀಜದಳದಲ್ಲಿ ಕೂಡಿಟ್ಟ ಆಹಾರ ತಿನ್ನುತ್ತಿರುತ್ತದೆ. ಆಮೇಲೆ ಒಳಗಿನದು ಸರಸರ ಉದ್ದವಾಗುತ್ತದೆ. “ಸಾರ್, ಒಳಗಿರೋ ಗಿಡಾನೇ ಚೆನ್ನಾಗಿ ಬೆಳೆದೈತೆ” ಅಂತ ಮಕ್ಕಳು ಹೇಳಿಯೇ ಹೇಳುತ್ತಾರೆ. ತಿದ್ದಲು ಆತುರಪಡಬೇಡಿ. ಎರಡರ ಎತ್ತರ ಅಳೆಯಲಿ, ಎಲೆ ಎಣಿಸಲಿ, ಗೆಣ್ಣಿನಿಂದ ಗೆಣ್ಣಿಗೆ ಎಷ್ಟು ದೂರ ಅಂತ ಬರೆದುಕೊಳ್ಳಲಿ, ಕಾಂಡ ಎಷ್ಟು ದಪ್ಪ ನೋಡಲಿ. ಒಳಗಿನದು ಬೆಳಕು ಹುಡುಕಿಕೊಂಡು ಚಾಚಿದೆ ಅಷ್ಟೇ. ಪ್ರತಿ ಕುಂಡದಲ್ಲಿ ನಾಲ್ಕೈದು ಸಸಿ ಇದ್ದರೆ, ಒಂದೊಂದನ್ನು ಬೇರು ಸಹಿತ ಕಿತ್ತು ತೊಳೆದು, ಚೆನ್ನಾಗಿ ಒಣಗಿಸಿ ತೂಗಿಸಿ. ಉದ್ದ ಬೇರೆ, ಬೆಳವಣಿಗೆ ಬೇರೆ ಎಂಬುದನ್ನು ತಕ್ಕಡಿಯೇ ಹೇಳುತ್ತದೆ.

ಕೋಣೆ ನಮಗೆ ಬೆಳಕಾಗಿಯೇ ಕಾಣುತ್ತದಲ್ಲ? ನಮ್ಮ ಕಣ್ಣು ಬೆಳಕಿಗೆ ತಕ್ಕ ಹಾಗೆ ಹೊಂದಿಕೊಳ್ಳುತ್ತದೆ, ಅದಕ್ಕೇ ಮೋಸ. ಬೆಳಕಿನ ತೀವ್ರತೆಯನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಮಧ್ಯಾಹ್ನದ ಬಯಲಿನಲ್ಲಿ ಸುಮಾರು 1,00,000 ಲಕ್ಸ್. ಕೋಣೆಯ ನಡುವೆ ಸಾಮಾನ್ಯವಾಗಿ ಕೆಲವು ನೂರು ಮಾತ್ರ. ಫೋನಿನ ಬೆಳಕು ಅಳೆಯುವ ಆ್ಯಪ್ ಕರಾರುವಾಕ್ಕಲ್ಲ, ಆದರೂ ಕಿಟಕಿಯಿಂದ ಒಂದೊಂದೇ ಹೆಜ್ಜೆ ಒಳಗೆ ಬಂದಂತೆ ಅಂಕಿ ಕುಸಿಯುವುದನ್ನು ತೋರಿಸಲು ಸಾಕು. ಗಿಡ ಹಗಲು ದುಡಿಯುತ್ತದೆ, ಹಗಲೂ ರಾತ್ರಿಯೂ ಉಸಿರಾಡಿ ಖರ್ಚು ಮಾಡುತ್ತದೆ. ಸಂಪಾದನೆ ಖರ್ಚಿಗಿಂತ ಕಡಿಮೆಯಾದರೆ ಕೂಡಿಟ್ಟದ್ದು ಕರಗುತ್ತಾ ಹೋಗುತ್ತದೆ.

ಆಗ ಎಲೆ ಹಳದಿಯಾಗುತ್ತದೆ. ಹಳದಿ ಕಂಡ ಕೂಡಲೇ ನೀರು ಸುರಿಯುತ್ತೇವೆ! ಕಡಿಮೆ ಬೆಳಕಿನ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಮಣ್ಣು ಹಸಿಯಾಗಿಯೇ ಉಳಿದರೆ ಬೇರಿಗೆ ಆಮ್ಲಜನಕ ಸಿಗದು; ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಸರದಿ ಪ್ರಕಾರ ದಿನಕ್ಕೊಬ್ಬರು ಒಂದು ಲೋಟ ಹಾಕುವ ಪದ್ಧತಿಯಲ್ಲಿ ಬೇರು ಕೊಳೆಯುತ್ತದೆ. ಸಸಿ ಸತ್ತ ದಿನ ಯಾರ ಸರದಿ ಇತ್ತೋ ಆ ಮಗುವಿನ ಮೇಲೆ ಅಪವಾದ ಬರುತ್ತದೆ. ಇದು ಅನ್ಯಾಯ. ಸರದಿ ಇರಲಿ, ಆದರೆ ಅದು ನೋಡುವ ಸರದಿಯಾಗಲಿ: ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು, ಅದೂ ಕೆಳಗಿನ ತೂತಿನಿಂದ ಹರಿಯುವಷ್ಟು. ತೂತಿನ ಮೇಲೆ ಒಂದು ಮಡಕೆ ಚೂರು ಸಾಕು. ತಳಕ್ಕೆ ಜಲ್ಲಿ ತುಂಬುವುದರಿಂದ ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಜಾಗ ಕಡಿಮೆಯಾಗುತ್ತದೆ ಅಷ್ಟೇ. ಕೆಂಪು ಮಣ್ಣಿಗೆ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಆಯಿತು.

ಹಾಗಾದರೆ ಕುಂಡವನ್ನು ಒಳಗೆ ತರಲೇಬಾರದೇ? ಒಂದೆರಡು ದಿನಕ್ಕೆ ತನ್ನಿ, ಅದಕ್ಕೂ ಒಂದು ಪಾಠವಿದೆ. ಹುಣಸೆಯ ಎಲೆ ಸಂಜೆ ಮಡಚಿಕೊಳ್ಳುತ್ತದೆ, ಬೆಳಿಗ್ಗೆ ಬಿಚ್ಚಿಕೊಳ್ಳುತ್ತದೆ. ಕತ್ತಲಾದದ್ದಕ್ಕೆ ಮಡಚಿತೋ, ಹೊತ್ತು ತಿಳಿದು ಮಡಚಿತೋ? 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಅವರು ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿ ಇಟ್ಟಾಗಲೂ ಎಲೆಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದು ಕಂಡುಬಂತು. ಜೀವಿಗಳೊಳಗಿನ ಗಡಿಯಾರದ ಅಧ್ಯಯನ ಶುರುವಾದದ್ದು ಇಂಥ ಒಂದು ಕುಂಡದಿಂದ. ನಮ್ಮ ಮಕ್ಕಳೂ ಹುಣಸೆ ಸಸಿಯನ್ನು ಒಂದು ದಿನ ಕತ್ತಲ ಕಪಾಟಿನಲ್ಲಿಟ್ಟು, ಗಂಟೆಗೊಮ್ಮೆ ತೆರೆದು ನೋಡಬಹುದು.

ಒಳಗೇ ಬೆಳೆದ ಸಸಿಯನ್ನು ಒಮ್ಮೆಗೇ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ. ಮೊದಲ ಕೆಲವು ದಿನ ನೆರಳು, ಆಮೇಲೆ ಎಳೆಬಿಸಿಲು, ಎರಡು ವಾರ ಕಳೆದ ಮೇಲೆ ಪೂರ್ತಿ ಬಿಸಿಲು. ಹುಣಸೆಯ ತಾಯಿಬೇರು ಆಳಕ್ಕೆ ಇಳಿಯುವಂಥದ್ದು. ಕುಂಡದಲ್ಲಿ ಅದು ಸುರುಳಿ ಸುತ್ತುವ ಮೊದಲೇ ನೆಲಕ್ಕೆ ಹೋಗಬೇಕು. ನಮ್ಮ ಕಡೆ ಸೆಪ್ಟೆಂಬರ್–ಅಕ್ಟೋಬರ್ ಮಳೆ ಹಿಡಿದಾಗ ನೆಡಿಸಿ. ಗೋಡೆಯಿಂದ, ವಿದ್ಯುತ್ ತಂತಿಯಿಂದ ಹತ್ತು ಮೀಟರಾದರೂ ದೂರ ಇರಲಿ. ಆಡು ಬಾಯಿ ಹಾಕದಂತೆ ಸುತ್ತ ಮುಳ್ಳುಬೇಲಿ ಕಟ್ಟಿಸುವುದನ್ನು ಮರೆಯಬೇಡಿ.