ಹಳೆಯ ಹತಾರಗಳಿಗೆ ಹೊಸ ಜೀವ: ಸದ್ದಿನಿಂದ ತೊಳೆಯುವ ಯಂತ್ರ ರೈತನಿಗೆ ಎಷ್ಟರಮಟ್ಟಿಗೆ ಉಪಯೋಗ?



ಕಬ್ಬಿನ ಕಟಾವು ಮುಗಿದು ಮುಂಗಾರಿನ ಮಳೆ ಬೀಳುವವರೆಗಿನ ಬಿಡುವು ಹತಾರಗಳನ್ನು ಸರಿಪಡಿಸಿಕೊಳ್ಳುವ ಕಾಲ. ನಿಮ್ಮ ಮನೆಯ ಅಟ್ಟದ ಮೇಲೆ, ದನದ ಕೊಟ್ಟಿಗೆಯ ಮೂಲೆಯಲ್ಲಿ, ಪಂಪಿನ ಮನೆಯ ಗೂಡಿನಲ್ಲಿ ಏನೇನು ಬಿದ್ದಿವೆ ಎಂದು ಒಮ್ಮೆ ನೋಡಿರಿ. ತಿರುಗದ ಪಕ್ಕಡ, ಬಾಯಿ ತೆರೆಯದ ಪಾನಾ, ಹಲ್ಲು ತುಂಬಿದ ಕಾನಸು, ಗ್ರೀಸು ಗಟ್ಟಿಯಾದ ಗಿಡ ಸವರುವ ಕತ್ತರಿ, ಸಿಂಪರಣೆ ಪಂಪಿನ ಕಟ್ಟಿಕೊಂಡ ನಾಜಲ್ ಸಿಕ್ಕೇ ಸಿಗುತ್ತವೆ. ಇವುಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿಲ್ಲ, ಕೊಳೆ ಹಿಡಿದಿವೆ ಅಷ್ಟೆ.

ಘಟಪ್ರಭೆಯ ದಂಡೆಯ ಊರುಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಉಕ್ಕಿದಾಗ ಗೋಕಾಕ ಭಾಗದ ಎಷ್ಟೋ ಮನೆಗಳಿಗೆ ರಾಡಿ ನುಗ್ಗಿತು. ೨೦೨೪ರ ಜುಲೈಯಲ್ಲಿಯೂ ಹೊಳೆ ದಂಡೆ ಮೀರಿತು. ನೀರು ಇಳಿದ ಮೇಲೆ ಹೊಳೆಯ ನುಣ್ಣನೆಯ ಮಣ್ಣು ಹತಾರಗಳ ಕೀಲುಗಳಲ್ಲಿ ಕುಳಿತು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬ್ರಷ್ಷು ಅಲ್ಲಿಗೆ ಹೋಗದು, ಬಟ್ಟೆಯೂ ತಲುಪದು. ಕೊನೆಗೆ ಆ ಹತಾರ ಗುಜರಿಗೆ ಹೋಗುತ್ತದೆ, ಇಲ್ಲವೆ ಸಂತೆಯಲ್ಲಿ ಮೂರು ಕಾಸಿಗೆ ಮಾರಾಟವಾಗುತ್ತದೆ.

ಇಂಥ ಹತಾರಗಳನ್ನು ಶುದ್ಧಗೊಳಿಸುವ ಒಂದು ಚಿಕ್ಕ ಯಂತ್ರ ಈಗ ಮನೆಬಳಕೆಗೂ ದೊರೆಯುತ್ತದೆ. ಅಕ್ಕಸಾಲಿಗರು, ಕನ್ನಡಕದ ಅಂಗಡಿಯವರು, ಹಲ್ಲಿನ ಡಾಕ್ಟರರು, ಡೀಸೆಲ್ ಇಂಜಿನ್ ದುರಸ್ತಿ ಮಾಡುವವರು ಇದನ್ನು ಬಹು ದಿನಗಳಿಂದ ಬಳಸುತ್ತ ಬಂದಿದ್ದಾರೆ. ಇದರ ಹೆಸರು ಅಲ್ಟ್ರಾಸೋನಿಕ್ ಕ್ಲೀನರ್. ಕಿವಿಗೆ ಕೇಳಿಸದ ಸದ್ದಿನಿಂದ ತೊಳೆಯುವ ಯಂತ್ರ ಎಂದು ಕರೆಯಬಹುದು.

ಯಂತ್ರದ ಒಳಗುಟ್ಟು

ನೋಡಲು ಇದು ಮುಚ್ಚಳವಿರುವ ಸ್ಟೀಲಿನ ಡಬ್ಬಿಯಂತೆ ಇರುತ್ತದೆ. ಒಳಗೆ ಎರಡು ಮೂರು ಲೀಟರ್ ನೀರು ಹಿಡಿಯುವ ತೊಟ್ಟಿ ಇದೆ. ತೊಟ್ಟಿಯ ತಳಕ್ಕೆ ಹೊರಗಿನಿಂದ ಬಿಲ್ಲೆಯಂಥ ಒಂದೆರಡು ತುಂಡುಗಳನ್ನು ಅಂಟಿಸಿರುತ್ತಾರೆ. ವಿದ್ಯುತ್ತು ಹರಿದಾಗ ಈ ಬಿಲ್ಲೆಗಳು ಸೆಕೆಂಡಿಗೆ ಸುಮಾರು ೪೦,೦೦೦ ಸಲ ನಡುಗುತ್ತವೆ. ಮನುಷ್ಯನ ಕಿವಿಗೆ ೨೦,೦೦೦ದ ಆಚೆಯ ಸದ್ದು ಕೇಳಿಸದು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ೧೮೮೦ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ತೋರಿಸಿದರು. ಅದರ ತಿರುವುಮುರುವು ಗುಣವೇ ಇಲ್ಲಿ ಕೆಲಸಕ್ಕೆ ಬಂದಿದೆ.

ಸದ್ದು ಕೊಳೆಯನ್ನು ಹೇಗೆ ಕೀಳುತ್ತದೆ? ಇದನ್ನು ನಿಮ್ಮ ನೀರೆತ್ತುವ ಪಂಪೇ ನಿಮಗೆ ತೋರಿಸಿಕೊಟ್ಟಿದೆ. ಫುಟ್‌ವಾಲ್ವ್‌ಗೆ ಕಸ ಸಿಕ್ಕಾಗ, ಅಥವಾ ಪಂಪನ್ನು ನೀರಿನ ಮಟ್ಟದಿಂದ ಬಹಳ ಎತ್ತರಕ್ಕೆ ಕೂರಿಸಿದಾಗ ಅದರ ಹೊಟ್ಟೆಯೊಳಗೆ ಉಸುಕು, ಹರಳು ಹೊರಳಾಡಿದಂಥ ಸಪ್ಪಳ ಬರುತ್ತದೆ. ಬಿಚ್ಚಿ ನೋಡಿದರೆ ಅಲ್ಲಿ ಹರಳು ಇರುವುದಿಲ್ಲ, ಆದರೆ ಇಂಪೆಲ್ಲರಿನ ಮೈಯೆಲ್ಲ ಗೆದ್ದಲು ತಿಂದಂತೆ ಕುಳಿ ಬಿದ್ದಿರುತ್ತದೆ. ಹೀರಿಕೆಯ ಸೆಳೆತ ಅತಿಯಾದಾಗ ನೀರಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಒತ್ತಡದ ಜಾಗಕ್ಕೆ ಬಂದೊಡನೆ ಅವು ಒಳಮುಖವಾಗಿ ಒಡೆಯುತ್ತವೆ. ಒಂದೊಂದು ಗುಳ್ಳೆ ಒಡೆದಾಗಲೂ ಸೂಜಿ ಚುಚ್ಚಿದಂತೆ ಲೋಹಕ್ಕೆ ಏಟು ಬೀಳುತ್ತದೆ. ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ. ಹಡಗಿನ ರೆಕ್ಕೆಗಳು ಹೀಗೆಯೇ ಸವೆಯುತ್ತಿದ್ದವು. ಗುಳ್ಳೆ ಒಡೆಯುವಾಗಿನ ಒತ್ತಡದ ಲೆಕ್ಕವನ್ನು ೧೯೧೭ರಲ್ಲಿ ಲಾರ್ಡ್ ರ‍್ಯಾಲಿ ಎಂಬ ಇಂಗ್ಲಿಷ್ ವಿಜ್ಞಾನಿ ಹಾಕಿಕೊಟ್ಟರು.

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಸುಮಾರು ೧೭೦ ಅಡಿ ಎತ್ತರದಿಂದ ಧುಮುಕುತ್ತದೆ. ೧೮೮೭ರಲ್ಲಿ ಅಲ್ಲಿ ನೂಲಿನ ಗಿರಣಿ ಆರಂಭವಾದಾಗ ಅದಕ್ಕೆ ಶಕ್ತಿ ಕೊಟ್ಟದ್ದು ಈ ಬೀಳುವ ನೀರೇ. ನೀರಿನ ಬಲದಿಂದ ತಿರುಗುವ ಟರ್ಬೈನುಗಳನ್ನು ನಡೆಸುವವರಿಗೆಲ್ಲ ಈ ಗುಳ್ಳೆಯ ಕಾಟ ಗೊತ್ತಿದ್ದದ್ದೇ. ಟರ್ಬೈನಿಗೆ, ಪಂಪಿಗೆ ಯಾವುದು ಶತ್ರುವೋ ಅದನ್ನೇ ಹಿಡಿತದಲ್ಲಿಟ್ಟು ಕೊಳೆ ತೆಗೆಯಲು ಹಚ್ಚಿದ್ದು ಈ ಚಿಕ್ಕ ಯಂತ್ರ. ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನೀರು ಹೋದಲ್ಲೆಲ್ಲ ಅವೂ ಹೋಗುತ್ತವೆ. ಬ್ರಷ್ಷು ಮುಟ್ಟದ ಕೀಲಿನ ಸಂದಿಯಲ್ಲಿ ಅವು ಕೊಳೆಯನ್ನು ಕೆದರುತ್ತವೆ.

ಏನು ಹೋಗುತ್ತದೆ, ಏನು ಹೋಗದು

ಹಳೆಯ ಗ್ರೀಸು, ಎಣ್ಣೆಯ ಜಿಗಟು, ಮಣ್ಣು, ಕಾನಸಿನ ಹಲ್ಲಿಗೆ ಸಿಕ್ಕ ಲೋಹದ ಪುಡಿ, ಗಿಡದ ಅಂಟು, ಇವೆಲ್ಲ ಚೆನ್ನಾಗಿ ಹೋಗುತ್ತವೆ. ಪಕ್ಕಡ, ಪಾನಾ, ಸ್ಕ್ರೂಡ್ರೈವರಿನ ತುದಿ, ಡ್ರಿಲ್ ಬಿಟ್ಟು, ಕಸಿ ಚಾಕು, ಹಿತ್ತಾಳೆಯ ನಾಜಲ್, ಇಂಜಿನ್ನಿನ ಕಾರ್ಬೊರೇಟರ್ ಜೆಟ್, ಇಂಥ ಸಣ್ಣ ಸಾಮಾನುಗಳಿಗೆ ಇದು ಹೇಳಿ ಮಾಡಿಸಿದ್ದು.

ಆದರೆ ತುಕ್ಕು ಬರೀ ಸದ್ದಿಗೆ ಹೋಗದು. ಸಡಿಲವಾದ ಪುಡಿ ಉದುರೀತು, ಕಚ್ಚಿಕೊಂಡ ತುಕ್ಕು ಉಳಿಯುತ್ತದೆ. ಅದಕ್ಕೆ ಬೇರೆ ಉಪಾಯವನ್ನು ಮುಂದೆ ಹೇಳಿದೆ. ಕುಡಗೋಲು, ಸಲಿಕೆ, ಗುದ್ದಲಿ, ಕೊಡಲಿ ಈ ತೊಟ್ಟಿಯಲ್ಲಿ ಹಿಡಿಸುವುದೂ ಇಲ್ಲ, ಅವಕ್ಕೆ ಇದರ ಅಗತ್ಯವೂ ಇಲ್ಲ. ತಂತಿ ಬ್ರಷ್ಷು, ಇಟ್ಟಂಗಿಯ ಚೂರು, ಒಂದಿಷ್ಟು ಎಣ್ಣೆ ಇದ್ದರೆ ಸಾಕು. ಮರದ ಹಿಡಿಯ ಹತಾರವನ್ನು ಹಾಕಬೇಡಿರಿ, ಮರ ನೀರು ಕುಡಿದು ಉಬ್ಬುತ್ತದೆ. ಬಣ್ಣ ಅಥವಾ ಲೇಪ ಎದ್ದಿರುವ ಸಾಮಾನು ಇನ್ನಷ್ಟು ಸುಲಿಯುತ್ತದೆ. ಗ್ರೀಸು ತುಂಬಿ ಮುಚ್ಚಿದ ಬೇರಿಂಗ್, ಬ್ಯಾಟರಿ ಇರುವ ಯಾವುದೇ ಸಾಮಾನು ಇದರೊಳಗೆ ಹೋಗಕೂಡದು.

ಗುಜರಿಯಲ್ಲಿ ಹಳೆಯ ಹತಾರ ಕೊಳ್ಳುವವರು ಮೊದಲು ಬಿರುಕು ನೋಡಿರಿ. ಪಾನಾದ ಬಾಯಿ ಅಗಲವಾಗಿದ್ದರೆ, ಪಕ್ಕಡದ ಕೀಲು ಅಲುಗಾಡುತ್ತಿದ್ದರೆ ತೊಳೆದು ಫಲವಿಲ್ಲ. ಕೊಳೆಗೆ ಮದ್ದುಂಟು, ಸವಕಳಿಗೆ ಇಲ್ಲ.

ತೊಳೆಯುವ ಕ್ರಮ

೧. ಮೊದಲು ಮೇಲಿನ ದಪ್ಪ ಮಣ್ಣು, ಗ್ರೀಸನ್ನು ಕಡ್ಡಿಯಿಂದ ಕೆರೆದು ಬಟ್ಟೆಯಿಂದ ಒರೆಸಿರಿ. ಹೆಂಟೆ ಮಣ್ಣು ತೊಟ್ಟಿಗೆ ಬಿದ್ದರೆ ಗುಳ್ಳೆಗಳ ಬಲವೆಲ್ಲ ಅದರಲ್ಲೇ ಕಳೆದುಹೋಗುತ್ತದೆ.

೨. ತೊಟ್ಟಿಗೆ ಗುರುತಿನವರೆಗೆ ನೀರು ಹಾಕಿರಿ. ಬೋರಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಮೇಲು. ಲೀಟರಿಗೆ ಒಂದು ಚಮಚೆ ಪಾತ್ರೆ ತೊಳೆಯುವ ದ್ರವ ಸಾಬೂನು ಬೆರೆಸಿರಿ.

೩. ಹೀಟರ್ ಇದ್ದರೆ ನೀರನ್ನು ೫೦ರಿಂದ ೬೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿರಿ. ಬಿಸಿಗೆ ಗ್ರೀಸು ಕರಗುತ್ತದೆ. ಸಾಮಾನು ಹಾಕುವ ಮೊದಲು ಐದು ಹತ್ತು ನಿಮಿಷ ಬರೀ ನೀರಿನಿಂದಲೇ ನಡೆಸಿದರೆ ನೀರಿನಲ್ಲಿ ಬೆರೆತ ಗಾಳಿ ಹೊರಟುಹೋಗಿ ಕೆಲಸ ಚುರುಕಾಗುತ್ತದೆ.

೪. ಹತಾರಗಳನ್ನು ಜಾಳಿಗೆ ಬುಟ್ಟಿಯಲ್ಲಿ, ಬಾಯಿ ತೆರೆದು, ಒಂದಕ್ಕೊಂದು ತಾಗದಂತೆ ಇಡಿರಿ. ತೊಟ್ಟಿಯ ತಳದ ಮೇಲೆ ನೇರವಾಗಿ ಇಟ್ಟರೆ ಯಂತ್ರ ಬೇಗ ಹಾಳಾಗುತ್ತದೆ. ಮುಚ್ಚಳ ಹಾಕಿರಿ.

೫. ಐದರಿಂದ ಹತ್ತು ನಿಮಿಷ ನಡೆಸಿ ತೆಗೆದು ನೋಡಿರಿ. ಕೀಲನ್ನು ನಾಲ್ಕು ಸಲ ಆಡಿಸಿ, ಮಗ್ಗಲು ಬದಲಿಸಿ ಮತ್ತೆ ಹಾಕಿರಿ. ಎರಡು ಮೂರು ಸರತಿಗೆ ಹೆಚ್ಚಿನವು ಶುದ್ಧವಾಗುತ್ತವೆ.

೬. ತೆಗೆದೊಡನೆ ಬೇರೆ ನೀರಿನಲ್ಲಿ ಅದ್ದಿ ಒರೆಸಿ ಬಿಸಿಲಿಗಿಡಿರಿ. ಎಣ್ಣೆ ಕಳೆದುಕೊಂಡ ಕಬ್ಬಿಣ ಬೆತ್ತಲೆ ಇದ್ದಂತೆ. ಅರ್ಧ ತಾಸಿನಲ್ಲಿ ಹೊಸ ತುಕ್ಕು ಏಳುತ್ತದೆ. ಒಣಗಿದ ತಕ್ಷಣ ಕೀಲಿಗೆ ಎರಡು ಹನಿ ಯಂತ್ರದ ಎಣ್ಣೆ ಬಿಡಿರಿ. ಈ ಕೊನೆಯ ಕೆಲಸ ಮರೆತರೆ ಮೊದಲಿನ ಐದೂ ವ್ಯರ್ಥ.

ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಸುಲಭದ ಪರೀಕ್ಷೆ ಉಂಟು. ತಿಂಡಿ ಸುತ್ತುವ ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯ ತುಂಡನ್ನು ನೀರಿನಲ್ಲಿ ಒಂದು ನಿಮಿಷ ಇಳಿಬಿಡಿರಿ. ಹಾಳೆಯ ತುಂಬ ಸಣ್ಣ ತೂತು, ಚುಕ್ಕೆ ಬಿದ್ದರೆ ಯಂತ್ರ ಒಳ್ಳೆಯದು.

ಮಾಡಲೇಬಾರದ ಕೆಲಸಗಳು

ಚಿಮಣಿ ಎಣ್ಣೆ, ಪೆಟ್ರೋಲು, ಥಿನ್ನರ್, ಸ್ಪಿರಿಟ್ ಇವನ್ನು ತೊಟ್ಟಿಗೆ ಎಂದೂ ಸುರಿಯಬೇಡಿರಿ. ಬಿಸಿಗೆ ಆವಿಯೆದ್ದು ಬೆಂಕಿ ಹತ್ತುತ್ತದೆ. ಯಂತ್ರ ನಡೆಯುವಾಗ ಕೈ ಅದ್ದಬೇಡಿರಿ. ನೀರಿಲ್ಲದೆ ಚಾಲೂ ಮಾಡಬೇಡಿರಿ. ನೀರು ತುಂಬುವಾಗ, ಚೆಲ್ಲುವಾಗ ಪ್ಲಗ್ಗು ತೆಗೆದಿರಬೇಕು. ಮೂರು ಪಿನ್ನಿನ ಅರ್ತಿಂಗ್ ಇರುವ ಸಾಕೆಟ್ಟಿಗೇ ಜೋಡಿಸಿರಿ. ಬ್ಲೀಚಿಂಗ್ ಪುಡಿ, ಉಪ್ಪು ಹಾಕಿದರೆ ಸ್ಟೀಲಿನ ತೊಟ್ಟಿಯೇ ತೂತು ಬೀಳುತ್ತದೆ. ಬ್ಲೀಚಿಂಗ್ ಪುಡಿಗೆ ಹುಳಿ ಬೆರೆಸಿದರೆ ವಿಷದ ಗಾಳಿ ಏಳುತ್ತದೆ, ಎಚ್ಚರ.

ಸಿಂಪರಣೆ ಪಂಪಿನ ನಾಜಲ್ ತೊಳೆಯುವುದಿದ್ದರೆ ಅದನ್ನು ಗಾಜಿನ ಬಾಟಲಿಯಲ್ಲಿ ಸಾಬೂನು ನೀರಿನೊಡನೆ ಹಾಕಿ, ಆ ಬಾಟಲಿಯನ್ನು ತೊಟ್ಟಿಯ ನೀರಿನಲ್ಲಿ ನಿಲ್ಲಿಸಿರಿ. ಸದ್ದು ಗಾಜನ್ನು ದಾಟಿ ಒಳಗೂ ಕೆಲಸ ಮಾಡುತ್ತದೆ, ವಿಷ ತೊಟ್ಟಿಗೆ ತಾಗುವುದಿಲ್ಲ. ಕೈಗವಸು ಇರಲಿ. ಆ ನೀರನ್ನು ಬಾವಿ, ಕಾಲುವೆ, ದನ ಕುಡಿಯುವ ತೊಟ್ಟಿಯ ಸಮೀಪ ಚೆಲ್ಲಕೂಡದು. ಕಟ್ಟಿದ ನಾಜಲನ್ನು ಬಾಯಿಂದ ಊದುವ ಕೆಟ್ಟ ರೂಢಿ ಇದರಿಂದ ತಪ್ಪಿದರೆ ಅಷ್ಟೇ ದೊಡ್ಡ ಲಾಭ. ಔಷಧದ ಸಾಮಾನು ತೊಳೆದ ಯಂತ್ರದಲ್ಲಿ ಊಟದ ತಾಟು, ಚಮಚೆ, ಮಕ್ಕಳ ವಸ್ತು ತೊಳೆಯಬೇಡಿರಿ.

ತುಕ್ಕಿಗೆ ನಿಂಬೆ ಹುಳಿ

ಕಿರಾಣಿ ಅಂಗಡಿಯಲ್ಲಿ ನಿಂಬೆ ಹುಳಿ ಪುಡಿ, ಅಂದರೆ ಸಿಟ್ರಿಕ್ ಆಮ್ಲ ದೊರೆಯುತ್ತದೆ. ಲೀಟರ್ ನೀರಿಗೆ ೫೦ ಗ್ರಾಂ ಕದಡಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ ತುಕ್ಕಿನ ಹತಾರ ಮುಳುಗಿಸಿರಿ. ಮೊದಲು ಸಾಬೂನಿನಿಂದ ಎಣ್ಣೆ ತೆಗೆದಿರಬೇಕು, ಇಲ್ಲವಾದರೆ ಹುಳಿ ತುಕ್ಕನ್ನು ಮುಟ್ಟದು. ತಾಸಿಗೊಮ್ಮೆ ಎತ್ತಿ ಬ್ರಷ್ಷಿನಿಂದ ಉಜ್ಜಿರಿ. ತುಕ್ಕು ಬಿಟ್ಟ ಕೂಡಲೇ ತೆಗೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಹುಳಿ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಆಮೇಲೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ತೊಳೆದು, ಒಣಗಿಸಿ, ಎಣ್ಣೆ ಹಚ್ಚಿರಿ. ಹುಣಸೆಯ ಹುಳಿಯಿಂದಲೂ ಇದೇ ಕೆಲಸ ಆಗುತ್ತದೆ, ಆದರೆ ನಿಧಾನ. ಹಿತ್ತಾಳೆ ಕೊಡ ಬೆಳಗುವ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಹುಳಿಯ ಗುಣ ಹೇಳಿಕೊಡಬೇಕಾಗಿಲ್ಲ.

ಕಬ್ಬಿನ ಕೊಯ್ತಾ: ಲಕ್ಷ್ಯ ಕೊಡಬೇಕಾದ ಮಾತು

ಹತಾರದ ಶುದ್ಧಿ ಬರೀ ಅಂದಚಂದದ ಮಾತಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಬ್ಬಿನ ಸೀಮೆ. ಕೂಳೆ ಕಬ್ಬಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಆರ್.ಎಸ್.ಡಿ. ಎಂಬ ರೋಗವಿದೆ. ೧೯೪೦ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದನ್ನು ಮೊದಲು ಗುರುತಿಸಿದರು. ಎಲೆಯ ಮೇಲೆ ಚುಕ್ಕೆ ಇಲ್ಲ, ಬಣ್ಣ ಬದಲಾಗದು. ಕಬ್ಬು ಗಿಡ್ಡ, ಗಳ ಸಣ್ಣ, ಇಳುವರಿ ಕಡಿಮೆ, ಅಷ್ಟೆ. ರೈತ ಗೊಬ್ಬರ ಸಾಲದು, ನೀರು ಸಾಲದು ಎಂದುಕೊಳ್ಳುತ್ತಾನೆ. ಈ ರೋಗಾಣು ಕಬ್ಬಿನ ರಸದಲ್ಲಿದ್ದು, ಕಡಿಯುವ ಕತ್ತಿಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ, ಹೊಲದಿಂದ ಹೊಲಕ್ಕೆ ಹೋಗುತ್ತದೆ.

ಕಡಿಯುವ ಗ್ಯಾಂಗು ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ. ಕೊಯ್ತಾ ಮಾತ್ರ ಅದೇ. ಆದುದರಿಂದ ನಿಮ್ಮ ಹೊಲಕ್ಕೆ ಇಳಿಯುವ ಮೊದಲು, ವಿಶೇಷವಾಗಿ ಬೀಜದ ತುಂಡು ಕಡಿಯುವಾಗ, ಕತ್ತಿಯನ್ನು ಶುದ್ಧಗೊಳಿಸಿರಿ. ಮೊದಲು ಒಣಗಿದ ರಸ, ಮಣ್ಣನ್ನು ಉಜ್ಜಿ ತೊಳೆಯಬೇಕು. ಕೊಳೆಯ ಕೆಳಗೆ ಅಡಗಿದ ರೋಗಾಣುವಿಗೆ ಔಷಧ ತಟ್ಟದು. ಅನಂತರ ಅಲಗನ್ನು ಕುದಿಯುವ ನೀರಿನಲ್ಲಿ, ಅಥವಾ ಡೆಟ್ಟಾಲಿನಂಥ ದ್ರವವನ್ನು ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿದ ನೀರಿನಲ್ಲಿ, ಐದು ನಿಮಿಷ ಅದ್ದಿರಿ. ಸದ್ದಿನ ಯಂತ್ರ ಕೊಳೆ ತೆಗೆಯುತ್ತದೆ, ರೋಗಾಣುವನ್ನು ಪೂರ್ತಿ ಕೊಲ್ಲುತ್ತದೆ ಎಂದು ನಂಬಬೇಡಿರಿ.

ಬೀಜದ ತುಂಡುಗಳನ್ನು ೫೦ ಡಿಗ್ರಿ ಬಿಸಿನೀರಿನಲ್ಲಿ ಎರಡು ತಾಸು ಇಟ್ಟು ಉಪಚರಿಸುವ ಪದ್ಧತಿಯೂ ಇದೆ. ಶಾಖ ಹೆಚ್ಚಾದರೆ ಕಣ್ಣು ಸಾಯುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಅದನ್ನು ತಿಳಿದವರ ಕೈಯಿಂದಲೇ ಮಾಡಿಸಬೇಕು. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಿಮ್ಮ ಸಮೀಪದಲ್ಲೇ ಇವೆ. ಹೋಗಿ ಕೇಳಿರಿ.

ಇನ್ನೊಂದು ಮಾತು. ತುಕ್ಕಿನ ಹತಾರ ತಗಲಿದರೆ ಧನುರ್ವಾಯು ಬರುತ್ತದೆ ಎನ್ನುತ್ತಾರೆ. ರೋಗ ತುಕ್ಕಿನದಲ್ಲ, ಮಣ್ಣು ಸಗಣಿಯಲ್ಲಿರುವ ರೋಗಾಣುವಿನದು. ಹೊಳೆಯುವ ಕುಡಗೋಲಿಗೂ ಮಣ್ಣು ಅಂಟಿದ್ದರೆ ಅಪಾಯ ಅಷ್ಟೇ. ಗಾಯವಾದರೆ ಸಾಬೂನು ನೀರಿನಿಂದ ತೊಳೆದು ಅಂದೇ ದವಾಖಾನೆಗೆ ಹೋಗಿ ಚುಚ್ಚುಮದ್ದಿನ ಬಗ್ಗೆ ಕೇಳಿರಿ.

ಕೊಳ್ಳಬೇಕೆ, ಬೇಡವೆ?

ಒಬ್ಬ ರೈತನ ಮನೆಯಲ್ಲಿ ಈ ಯಂತ್ರಕ್ಕೆ ವರ್ಷದಲ್ಲಿ ನಾಲ್ಕೈದು ದಿನದ ಕೆಲಸವೂ ಸಿಗಲಾರದು. ನಾಲ್ಕು ಹತಾರಕ್ಕಾಗಿ ಕೆಲವು ಸಾವಿರ ರೂಪಾಯಿ ಹಾಕುವುದು ಜಾಣತನವಲ್ಲ. ಬಿಸಿನೀರು, ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ರಾತ್ರಿಯ ನೆನೆ, ಇವುಗಳಿಂದಲೇ ಹೆಚ್ಚಿನ ಕೆಲಸ ಆಗುತ್ತದೆ. ಆದರೆ ಊರಿನ ಪಂಪು ದುರಸ್ತಿಯವನು, ಯುವಕ ಸಂಘ, ಸ್ತ್ರೀಶಕ್ತಿ ಗುಂಪು ಅಥವಾ ಸಹಕಾರಿ ಸಂಘ ಒಂದನ್ನು ತಂದಿಟ್ಟು ಚಿಕ್ಕ ದರಕ್ಕೆ ತೊಳೆದುಕೊಟ್ಟರೆ ಊರಿಗೆಲ್ಲ ಅನುಕೂಲ. ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ಕರೆಂಟನ್ನೇ ಕೂಡಿ ತಂದುಕೊಂಡ ಹುಕ್ಕೇರಿ ತಾಲೂಕಿನ ಜನಕ್ಕೆ ಇದೇನು ಭಾರದ ಕೆಲಸವಲ್ಲ. ಹೀಟರ್ ಬಿಟ್ಟರೆ ಸಣ್ಣ ಯಂತ್ರ ಸುಮಾರು ಒಂದೆರಡು ಫ್ಯಾನುಗಳಷ್ಟೇ ವಿದ್ಯುತ್ತು ಬಳಸುತ್ತದೆ.

ಯಂತ್ರ ಬರಲಿ ಬಿಡಲಿ, ಒಂದು ರೂಢಿ ಇಂದಿನಿಂದಲೇ ಹಾಕಿಕೊಳ್ಳಿರಿ. ಹೊಲದಿಂದ ಬಂದೊಡನೆ ಹತಾರ ತೊಳೆದು, ಒರೆಸಿ, ಎಣ್ಣೆ ಬಟ್ಟೆಯಾಡಿಸಿ ಗೂಟಕ್ಕೆ ತೂಗುಹಾಕಿರಿ, ನೆಲದ ಮೇಲೆ ಎಸೆಯಬೇಡಿರಿ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಸಿಂಗರಿಸುವ, ಆಯುಧ ಪೂಜೆಗೆ ಹತಾರಕ್ಕೆ ಕುಂಕುಮ ಹಚ್ಚುವ ನಾವು, ಉಳಿದ ದಿನಗಳಲ್ಲಿಯೂ ಅವಕ್ಕೆ ಒಂದು ಹನಿ ಎಣ್ಣೆ ಕೊಟ್ಟರೆ ತಂದೆಯ ಕಾಲದ ಪಕ್ಕಡ ಮಗನ ಕೈಗೂ ಬರುತ್ತದೆ.